ನಿಮಗಿದು ಗೊತ್ತೇ? ನೀರಿಗಿಳಿದವರಿಗೆ ನೀರು ಕೊಡುವ ಉಡುಗೊರೆ

ಬೇಸಿಗೆ ರಜೆ ಬಂತೆಂದರೆ ಊರಿನ ಈಜುಕೊಳದ ಮುಂದೆ ಮಕ್ಕಳ ಕೈಹಿಡಿದ ಅಪ್ಪ ಅಮ್ಮಂದಿರ ಸಾಲು. ಹಳ್ಳಿಯಲ್ಲಾದರೆ ಬಾವಿ, ಕೆರೆ, ಹೊಳೆಯತ್ತ ಹುಡುಗರ ದಂಡು. ಬರೀ ಆಟವೆಂದು ನಾವು ಹಗುರವಾಗಿ ನೋಡುವ ಈ ನೀರಾಟ ದೇಹಕ್ಕೆ ಮಾಡುವ ಉಪಕಾರ ಹಗುರವಾದದ್ದಲ್ಲ. ನೆಲದ ಮೇಲೆ ಓಡಲಾಗದವರನ್ನೂ ನೀರು ಆಟಕ್ಕೆ ಸೇರಿಸಿಕೊಳ್ಳುತ್ತದೆ. ಆದರೆ ಅದರದ್ದೊಂದು ಷರತ್ತಿದೆ: ಮೊದಲು ಕಲಿ, ಆಮೇಲೆ ಆಡು!

ನೀರೊಳಗೆ ಮೈ ಏನು ಮಾಡುತ್ತದೆ?

● ಸೊಂಟಮಟ್ಟದ ನೀರಿನಲ್ಲಿ ನಿಂತರೆ ಕಾಲಿನ ಮೇಲಿನ ಭಾರ ಸುಮಾರು ಅರ್ಧಕ್ಕಿಳಿಯುತ್ತದೆ. ಕುತ್ತಿಗೆಯವರೆಗೆ ಇಳಿದರೆ ಉಳಿಯುವುದು ಹತ್ತರಲ್ಲಿ ಒಂದು ಪಾಲು. ನೆಲದ ಮೇಲೆ 70 ಕೆ.ಜಿ. ತೂಗುವವರು ಅಲ್ಲಿ ತಮ್ಮ ಕಾಲಿಗೆ ಹೊರಿಸುವುದು 7 ಕೆ.ಜಿ. ಆಸುಪಾಸು. ಮಂಡಿನೋವಿನವರಿಗೆ ನೀರಲ್ಲಿ ನಡೆಯಲು ಹೇಳುವುದು ಇದಕ್ಕೇ.

● ನೀರು ಗಾಳಿಗಿಂತ ಸುಮಾರು 800 ಪಟ್ಟು ದಟ್ಟ. ಹಾಗಾಗಿ ನೀರೊಳಗೆ ಕೈ ಬೀಸುವುದೂ ಒಂದು ವ್ಯಾಯಾಮವೇ. ಯಾವ ದಿಕ್ಕಿಗೆ ಬೀಸಿದರೂ ಎದುರೊತ್ತು ಇರುತ್ತದೆ. ಜೋರಾಗಿ ತಳ್ಳಿದಷ್ಟೂ ನೀರು ಜೋರಾಗಿ ತಡೆಯುತ್ತದೆ. ಡಂಬೆಲ್‌ನಂತೆ ತೂಕ ಬದಲಿಸುವ ಗೊಡವೆಯಿಲ್ಲ.

● ಕುತ್ತಿಗೆಮಟ್ಟದ ನೀರಿನ ಒತ್ತಡಕ್ಕೆ ಕೈಕಾಲುಗಳಲ್ಲಿದ್ದ ಸುಮಾರು 700 ಮಿ.ಲೀ. ರಕ್ತ ಎದೆಗೂಡಿನತ್ತ ಸರಿಯುತ್ತದೆ. ಹೃದಯ ಪ್ರತಿ ಬಡಿತಕ್ಕೂ ಹೆಚ್ಚು ರಕ್ತ ಹೊರಹಾಕುತ್ತದೆ. ಆದ್ದರಿಂದಲೇ ಅಷ್ಟೇ ಶ್ರಮಕ್ಕೆ ನೆಲದ ಮೇಲಿಗಿಂತ ನೀರಲ್ಲಿ ನಾಡಿಬಡಿತ ಸಾಮಾನ್ಯವಾಗಿ ಕಡಿಮೆ ಇರುತ್ತದೆ.

● ನೀರಿಗಿಳಿದ ಸ್ವಲ್ಪ ಹೊತ್ತಿಗೇ ಮೂತ್ರಕ್ಕೆ ಅವಸರವಾಗುವುದೂ ಇದೇ ಕಾರಣಕ್ಕೆ. ಎದೆಗೆ ಬಂದ ಹೆಚ್ಚುವರಿ ರಕ್ತ ಕಂಡ ದೇಹ ‘ನೀರು ಜಾಸ್ತಿಯಾಯಿತು’ ಎಂದು ಲೆಕ್ಕ ಹಾಕಿ ಮೂತ್ರಪಿಂಡಕ್ಕೆ ಕೆಲಸ ಹಚ್ಚುತ್ತದೆ. ಕೊಳಕ್ಕಿಳಿಯುವ ಮುನ್ನವೇ ಶೌಚಾಲಯಕ್ಕೆ ಹೋಗಿ ಬನ್ನಿ ಎಂದು ತರಬೇತುದಾರರು ಹೇಳುವುದು ಸುಮ್ಮನೆ ಅಲ್ಲ.

● ಎದೆಯ ಸುತ್ತ ನೀರು ಅದುಮುವುದರಿಂದ ಉಸಿರೆಳೆಯುವ ಸ್ನಾಯುಗಳಿಗೆ ದುಡಿಮೆ ಹೆಚ್ಚು. ನಮಗೆ ತಿಳಿಯದೆಯೇ ಈಜು ಉಸಿರಾಟಕ್ಕೂ ಸಾಮು ಮಾಡಿಸುತ್ತದೆ.

● ಈಜುವವರೂ ಬೆವರುತ್ತಾರೆ! ಒದ್ದೆ ಮೈಯಲ್ಲಿ ಗೊತ್ತಾಗುವುದಿಲ್ಲ, ಅಷ್ಟೆ. ಈಜಿನ ನಂತರ ಒಂದು ಲೋಟ ನೀರು ಕುಡಿಯುವುದನ್ನು ಮರೆಯಬಾರದು.

● ನೀರು ನಮ್ಮ ಮೈಯ ಶಾಖವನ್ನು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಸೆಳೆದುಕೊಳ್ಳಬಲ್ಲದು. 25 ಡಿಗ್ರಿಯ ಗಾಳಿ ಹಿತ, 25 ಡಿಗ್ರಿಯ ನೀರು ನಡುಕ!

● ಈಜಿದ ಮೇಲೆ ಹಸಿವು ಕೆರಳುತ್ತದೆ ಎಂಬುದು ಬರೀ ಅನಿಸಿಕೆಯಲ್ಲ. 2005ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ನಡೆದ ಪ್ರಯೋಗವೊಂದರಲ್ಲಿ, ತಣ್ಣೀರಿನಲ್ಲಿ ವ್ಯಾಯಾಮ ಮಾಡಿದವರು ಬೆಚ್ಚಗಿನ ನೀರಿನಲ್ಲಿ ಮಾಡಿದಾಗಿನದಕ್ಕಿಂತ ಶೇ 44ರಷ್ಟು ಹೆಚ್ಚು ಕ್ಯಾಲರಿಯ ಊಟ ಮಾಡಿದ್ದರು. ಅರ್ಧ ಗಂಟೆಯ ಸಾಧಾರಣ ಈಜಿನಲ್ಲಿ 70 ಕೆ.ಜಿ. ತೂಗುವವರು ಕರಗಿಸುವುದು ಸುಮಾರು 200 ಕ್ಯಾಲರಿ. ಹೊರಬಂದು ಎರಡು ಪ್ಲೇಟ್ ಬಜ್ಜಿ ತಿಂದರೆ ಲೆಕ್ಕ ತಲೆಕೆಳಗು.

● ಬಹಳ ಹೊತ್ತು ನೀರಲ್ಲಿದ್ದರೆ ಬೆರಳ ತುದಿ ಸುಕ್ಕಾಗುವುದು ಚರ್ಮ ನೀರು ಹೀರಿದ್ದಕ್ಕಷ್ಟೇ ಅಲ್ಲ. ಅದು ನರಗಳ ಕೆಲಸ. ಬೆರಳಿನ ನರಕ್ಕೆ ಪೆಟ್ಟಾಗಿದ್ದರೆ ಆ ಬೆರಳು ಎಷ್ಟು ಹೊತ್ತು ನೆನೆದರೂ ಸುಕ್ಕಾಗದು.

● ನೀರೊಳಗೆ ಕಣ್ಣು ಬಿಟ್ಟರೆ ಎಲ್ಲ ಮಸುಕು. ಆದರೆ ಥಾಯ್ಲೆಂಡ್ ಕಡಲತೀರದ ಮೋಕೆನ್ ಸಮುದಾಯದ ಮಕ್ಕಳು ಯುರೋಪಿನ ಮಕ್ಕಳಿಗಿಂತ ಎರಡು ಪಟ್ಟು ಸ್ಪಷ್ಟವಾಗಿ ನೋಡಬಲ್ಲರೆಂದು 2003ರಲ್ಲಿ ಸ್ವೀಡನ್ನಿನ ವಿಜ್ಞಾನಿ ಅನ್ನಾ ಗಿಸ್ಲೆನ್ ತೋರಿಸಿದರು. ಕಣ್ಣಿನ ಪಾಪೆಯನ್ನು ತೀರಾ ಕಿರಿದು ಮಾಡಿಕೊಳ್ಳುವುದೇ ಅವರ ಗುಟ್ಟು. ಅಭ್ಯಾಸ ಮಾಡಿಸಿದಾಗ ಯುರೋಪಿನ ಮಕ್ಕಳಿಗೂ ಅದು ಒಲಿಯಿತು!

● ಈಜು ಎಲ್ಲಕ್ಕೂ ಮದ್ದಲ್ಲ. ನೀರು ಭಾರ ಇಳಿಸುವುದರಿಂದ ಮೂಳೆಗೆ ಬೇಕಾದ ಹೊರೆ ಸಿಗುವುದಿಲ್ಲ. ಮೂಳೆ ಗಟ್ಟಿಯಾಗಬೇಕೆಂದರೆ ಈಜಿನ ಜೊತೆಗೆ ನಡಿಗೆ, ಮೆಟ್ಟಿಲು ಹತ್ತುವುದು, ತೂಕ ಎತ್ತುವುದೂ ಇರಬೇಕು.

ವೈದ್ಯರ ಚೀಟಿಯಿಂದ ಪದಕದವರೆಗೆ

● ತೆರೆಯ ಮೇಲಿನ ‘ಟಾರ್ಜಾನ್’ ಜಾನಿ ವೈಸ್‌ಮುಲ್ಲರ್‌ಗೆ ಒಂಬತ್ತನೇ ವಯಸ್ಸಿನಲ್ಲಿ ಪೋಲಿಯೊ ತಗಲಿತ್ತು. ಈಜಲು ಹೇಳಿದವರು ವೈದ್ಯರು. ಮುಂದೆ ಆತ 100 ಮೀಟರ್ ಫ್ರೀಸ್ಟೈಲ್ ಅನ್ನು ಒಂದು ನಿಮಿಷದೊಳಗೆ ಮುಗಿಸಿದ ಮೊದಲಿಗ (1922), ಈಜಿನಲ್ಲಿ ಐದು ಒಲಿಂಪಿಕ್ ಚಿನ್ನದ ಒಡೆಯ.

● ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಮೊದಲ ಚಿನ್ನ ತಂದದ್ದು ಈಜು. ಮಹಾರಾಷ್ಟ್ರದ ಸಾಂಗ್ಲಿ ಸೀಮೆಯ ಯೋಧ ಮುರಳಿಕಾಂತ್ ಪೇಟ್ಕರ್ ಸೇನೆಯಲ್ಲಿ ಬಾಕ್ಸರ್ ಆಗಿದ್ದವರು. 1965ರ ಯುದ್ಧದಲ್ಲಿ ಗುಂಡೇಟು ತಿಂದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡರು. ಚಿಕಿತ್ಸೆಗೆಂದು ಹಿಡಿದ ಈಜು ಅವರನ್ನು 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ಗೆ ಒಯ್ದಿತು. 50 ಮೀಟರ್ ಫ್ರೀಸ್ಟೈಲ್‌ನಲ್ಲಿ 37.33 ಸೆಕೆಂಡಿನ ವಿಶ್ವದಾಖಲೆಯೊಂದಿಗೆ ಚಿನ್ನ! ‘ಚಂದು ಚಾಂಪಿಯನ್’ (2024) ಚಿತ್ರಕ್ಕೆ ಸ್ಫೂರ್ತಿ ಇವರೇ.

● ಬೆಂಗಳೂರಿನ ನಿರಂಜನ್ ಮುಕುಂದನ್ ಬೆನ್ನುಹುರಿಯ ಹುಟ್ಟುದೋಷ (ಸ್ಪೈನಾ ಬಿಫಿಡಾ) ಮತ್ತು ತಿರುಚಿದ ಪಾದಗಳೊಂದಿಗೆ ಹುಟ್ಟಿದವರು. ಎಂಟನೇ ವಯಸ್ಸಿನಲ್ಲಿ ಕೊಳಕ್ಕಿಳಿದದ್ದು ವೈದ್ಯರ ಸಲಹೆಯ ಮೇಲೆ. ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತವನ್ನು ಪ್ರತಿನಿಧಿಸಿದರು.

● ಬೆಂಗಳೂರಿನವರೇ ಆದ ಶರತ್ ಗಾಯಕ್ವಾಡ್ 2014ರ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಗೆದ್ದ ಪದಕಗಳು ಆರು. ಒಂದೇ ಕೂಟದಲ್ಲಿ ಅತಿ ಹೆಚ್ಚು ಪದಕ ಗೆದ್ದ ಭಾರತೀಯರೆಂಬ ಪಿ.ಟಿ. ಉಷಾ ಅವರ ದಾಖಲೆಯನ್ನು ಮುರಿದದ್ದು ಈ ಆರು.

● ಸಿಡ್ನಿ ಒಲಿಂಪಿಕ್ಸ್‌ನಲ್ಲಿ (2000) ಈಜಿದ ಬೆಂಗಳೂರಿನ ನಿಶಾ ಮಿಲ್ಲೆಟ್ ಬಾಲ್ಯದಲ್ಲಿ ನೀರಲ್ಲಿ ಮುಳುಗಿ ಕೂದಲೆಳೆಯಲ್ಲಿ ಬದುಕುಳಿದವರು. ಮಗಳ ಹೆದರಿಕೆ ಕಳೆಯಲೆಂದೇ ತಂದೆ ಈಜು ಕಲಿಸಲು ಹಚ್ಚಿದರು.

● 23 ಒಲಿಂಪಿಕ್ ಚಿನ್ನ ಗೆದ್ದ ಮೈಕೆಲ್ ಫೆಲ್ಪ್ಸ್ ಮೊದಮೊದಲು ನೀರಿಗೆ ಮುಖವೊಡ್ಡಲು ಹೆದರುತ್ತಿದ್ದ ಹುಡುಗ. ಹಾಗಾಗಿ ಮೊದಲು ಕಲಿತದ್ದು ಬೆನ್ನ ಮೇಲೆ ಈಜುವ ಬ್ಯಾಕ್‌ಸ್ಟ್ರೋಕ್.

● ಅಮೆರಿಕದ ಶ್ವೇತಭವನದಲ್ಲಿ 1933ರಲ್ಲಿ ಈಜುಕೊಳ ಕಟ್ಟಿಸಿದ್ದು ವಿಲಾಸಕ್ಕಲ್ಲ. ಕಾಲಿನ ಸ್ವಾಧೀನ ಕಳೆದುಕೊಂಡಿದ್ದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ವ್ಯಾಯಾಮಕ್ಕಾಗಿ. ಇವತ್ತು ಪತ್ರಕರ್ತರು ಪ್ರಶ್ನೆ ಕೇಳುವ ಕೊಠಡಿ ಇರುವುದು ಅದೇ ಕೊಳದ ಮೇಲೆ!

● ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿಸಿದವರು ಕೈಗೆ ಶ್ರಮ ಕೊಡಬಾರದು, ಕೊಟ್ಟರೆ ತೋಳು ಬಾತುಕೊಳ್ಳುತ್ತದೆ ಎಂಬ ನಂಬಿಕೆ ಬಹುಕಾಲವಿತ್ತು. 1996ರಲ್ಲಿ ಕೆನಡಾದ ವ್ಯಾಂಕೂವರ್‌ನ ವೈದ್ಯ ಡಾನ್ ಮೆಕೆಂಜಿ ಅಂಥ ಮಹಿಳೆಯರ ಗುಂಪೊಂದಕ್ಕೆ ಡ್ರ್ಯಾಗನ್ ದೋಣಿಯ ಹುಟ್ಟು ಹಾಕಲು ತರಬೇತಿ ಕೊಟ್ಟರು. ತೋಳು ಬಾತುಕೊಳ್ಳಲಿಲ್ಲ, ಬಲ ಹೆಚ್ಚಿತು. ಇಂದು ಹಲವು ದೇಶಗಳಲ್ಲಿ ಕ್ಯಾನ್ಸರ್ ಗೆದ್ದವರ ದೋಣಿ ತಂಡಗಳಿವೆ.

● ತೊಡಕುಗಳಿಲ್ಲದ ಗರ್ಭಿಣಿಯರಿಗೆ ವೈದ್ಯರು ಒಪ್ಪುವ ವ್ಯಾಯಾಮಗಳ ಪಟ್ಟಿಯಲ್ಲಿ ಈಜು ಇದೆ, ಸ್ಕೂಬಾ ಡೈವಿಂಗ್ ಇಲ್ಲ.

● ಬ್ರಿಟನ್ನಿನ 80 ಸಾವಿರಕ್ಕೂ ಹೆಚ್ಚು ವಯಸ್ಕರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈಜುವ ಹವ್ಯಾಸವಿದ್ದವರಲ್ಲಿ ಹೃದ್ರೋಗದಂಥ ಕಾಯಿಲೆಗಳಿಂದ ಸಾಯುವ ಅಪಾಯ ಶೇ 41ರಷ್ಟು ಕಡಿಮೆ ಕಂಡಿತು. ಈಜುವವರು ಇತರ ವಿಷಯಗಳಲ್ಲೂ ಆರೋಗ್ಯದ ಕಾಳಜಿ ಇರುವವರಾಗಿರಬಹುದು. ಆದರೂ ಅಂಕಿ ಸಣ್ಣದಲ್ಲ.

● ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಶ್ರಮದ ಚಟುವಟಿಕೆ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ದಿನಕ್ಕೆ ಅರ್ಧ ಗಂಟೆಯಂತೆ ವಾರಕ್ಕೆ ಐದು ದಿನ ಈಜಿದರೆ ಪಾಸ್!

ಇತಿಹಾಸದಲ್ಲಿ ಒಂದು ಮುಳುಗು

● ಕಲ್ಯಾಣ ಚಾಲುಕ್ಯರ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದ, ಕ್ರೀಡೆಗಳಿಗೆಂದೇ ಪ್ರತ್ಯೇಕ ಭಾಗಗಳಿವೆ. ಉಯ್ಯಾಲೆ, ವನವಿಹಾರದ ಸಾಲಿನಲ್ಲಿ ಜಲಕ್ರೀಡೆಗೂ ಜಾಗವುಂಟು. ದೊರೆಯ ರಾಜಧಾನಿ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ.

● ಹಳಗನ್ನಡದ ಕವಿಗೆ ಜಲಕ್ರೀಡೆ ಬಿಡುವಂತಿರಲಿಲ್ಲ! ಮಹಾಕಾವ್ಯದಲ್ಲಿ ಇರಬೇಕಾದ ಹದಿನೆಂಟು ವರ್ಣನೆಗಳಲ್ಲಿ ಅದೂ ಒಂದು.

● 16ನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ತುಂಗಭದ್ರೆಯಲ್ಲಿ ಕಂಡ ಬುಟ್ಟಿಯಂಥ ದುಂಡು ದೋಣಿಗಳನ್ನು ವರ್ಣಿಸಿದ್ದಾನೆ. ಒಳಗೆ ಬೆತ್ತ, ಹೊರಗೆ ಚರ್ಮ. ಹಂಪಿಯಲ್ಲಿ ಇಂದಿಗೂ ಪ್ರವಾಸಿಗರನ್ನು ತಿರುಗಿಸಿ ಕಿರುಚಿಸುವ ಹರಿಗೋಲಿನ ಹಿರಿಯಜ್ಜ ಅದೇ.

● ಮಿಂಚಿಗೂ ವಿದ್ಯುತ್ತಿಗೂ ನಂಟು ತೋರಿಸಿದ ಬೆಂಜಮಿನ್ ಫ್ರಾಂಕ್ಲಿನ್ ಬಾಲಕನಾಗಿದ್ದಾಗಲೇ ವೇಗವಾಗಿ ಈಜಲು ಅಂಗೈಗೆ ಕಟ್ಟುವ ಮರದ ಹಲಗೆ ಮಾಡಿಕೊಂಡಿದ್ದ. ಅಂತರರಾಷ್ಟ್ರೀಯ ಈಜು ‘ಹಾಲ್ ಆಫ್ ಫೇಮ್’ನಲ್ಲಿ ಆತನ ಹೆಸರೂ ಇದೆ.

● 1896ರ ಮೊದಲ ಆಧುನಿಕ ಒಲಿಂಪಿಕ್ಸ್‌ನಲ್ಲಿ ಈಜುಕೊಳವಿರಲಿಲ್ಲ. ಅಥೆನ್ಸ್ ಬಳಿಯ ಕೊರೆಯುವ ಸಮುದ್ರದಲ್ಲೇ ಸ್ಪರ್ಧೆ. ಮೈಗೆ ದಪ್ಪಗೆ ಗ್ರೀಸ್ ಬಳಿದುಕೊಂಡು ಎರಡು ಸ್ಪರ್ಧೆ ಗೆದ್ದ ಹಂಗೆರಿಯ ಆಲ್ಫ್ರೆಡ್ ಹಾಯೋಶ್‌ನ ತಂದೆ ಡ್ಯಾನ್ಯೂಬ್ ನದಿಯಲ್ಲಿ ಮುಳುಗಿ ತೀರಿಹೋಗಿದ್ದರು. ಮಗ ಈಜಿನ ಹಟ ಹಿಡಿದದ್ದು ಆಗಲೇ.

● ಮಹಿಳೆಯರಿಗೆ ಒಲಿಂಪಿಕ್ ಈಜಿನ ಬಾಗಿಲು ತೆರೆದದ್ದು 1912ರಲ್ಲಿ. ಹದಿನಾಲ್ಕೇ ವರ್ಷದಲ್ಲಿ, 1926ರಲ್ಲಿ, ಅಮೆರಿಕದ ಗರ್ಟ್ರೂಡ್ ಎಡರ್ಲಿ ಇಂಗ್ಲಿಷ್ ಕಡಲ್ಗಾಲುವೆ ಈಜಿದರು. ಅದುವರೆಗಿನ ಗಂಡಸರ ದಾಖಲೆಗಿಂತ ಸುಮಾರು ಎರಡು ಗಂಟೆ ಬೇಗ!

● ಅದೇ ಕಡಲ್ಗಾಲುವೆ ಈಜಿದ ಮೊದಲ ಭಾರತೀಯ ಮಿಹಿರ್ ಸೇನ್ (1958), ಮೊದಲ ಏಷ್ಯನ್ ಮಹಿಳೆ ಆರತಿ ಸಾಹಾ (1959). ಪದ್ಮಶ್ರೀ ಪಡೆದ ಮೊದಲ ಭಾರತೀಯ ಮಹಿಳಾ ಕ್ರೀಡಾಪಟುವೂ ಆರತಿಯೇ.

● ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ಮೊದಲ ಚಿನ್ನ ಬಂದದ್ದು ನೀರಿನಿಂದ. 1951ರಲ್ಲಿ ದೆಹಲಿಯಲ್ಲಿ 100 ಮೀಟರ್ ಫ್ರೀಸ್ಟೈಲ್ ಗೆದ್ದವರು ಸಚಿನ್ ನಾಗ್. ಆ ಕೂಟದ ವಾಟರ್ ಪೋಲೊ ಚಿನ್ನವೂ ನಮ್ಮದೇ.

● ಪ್ಯಾರಿಸ್ ಒಲಿಂಪಿಕ್ಸ್‌ಗೆ (2024) ಹೋದ ಭಾರತದ ಇಬ್ಬರು ಈಜುಗಾರರೂ ಬೆಂಗಳೂರಿನವರು: ಶ್ರೀಹರಿ ನಟರಾಜ್ ಮತ್ತು ಧಿನಿಧಿ ದೇಸಿಂಗು. ಇಡೀ ಭಾರತ ತಂಡದಲ್ಲಿ ಅತ್ಯಂತ ಕಿರಿಯಳು ಧಿನಿಧಿ. ವಯಸ್ಸು 14!

ಕೊಳದಾಚೆಯ ಆಟಗಳು

● ಭಾರತದ ಮೊದಲ ಸರ್ಫಿಂಗ್ ಕ್ಲಬ್ ಹುಟ್ಟಿದ್ದು ಗೋವಾದಲ್ಲಲ್ಲ, ದಕ್ಷಿಣ ಕನ್ನಡದ ಮೂಲ್ಕಿಯಲ್ಲಿ. ಅಲ್ಲಿಗೆ ಹತ್ತಿರದ ಸಸಿಹಿತ್ಲು ಕಡಲತೀರ ರಾಷ್ಟ್ರಮಟ್ಟದ ಸ್ಪರ್ಧೆಗಳನ್ನೂ ಕಂಡಿದೆ.

● ಸರ್ಫಿಂಗ್ ಎಂದರೆ ಅಲೆಯ ಮೇಲೆ ನಿಲ್ಲುವುದು ಎಂದುಕೊಂಡಿರಾ? ನೀರಲ್ಲಿ ಕಳೆಯುವ ಸಮಯದಲ್ಲಿ ಹತ್ತರಲ್ಲಿ ಒಂದು ಪಾಲೂ ಅದಕ್ಕೆ ಸಿಗದು. ಸುಮಾರು ಅರ್ಧ ಹೊತ್ತು ಹಲಗೆಯ ಮೇಲೆ ಬೋರಲು ಮಲಗಿ ಕೈ ಹೊಡೆಯುವುದೇ ಕೆಲಸ. ಸರ್ಫರ್‌ಗಳ ಭುಜ ಗಟ್ಟಿಯಾಗುವುದು ಅಲ್ಲಿ.

● ಸ್ಪರ್ಧೆಯ ದೋಣಿಗೆ ಹುಟ್ಟು ಹಾಕುವವರ ಬಲ ತೋಳಿನದೆಂದು ಕಾಣುತ್ತದೆ. ನಿಜವಾದ ತಳ್ಳು ಬರುವುದು ಕಾಲಿನಿಂದ. ಆಸನ ಹಿಂದೆ ಮುಂದೆ ಜಾರುವಂತೆ ಮಾಡಿರುವುದೇ ಕಾಲಿನ ಬಲ ಹುಟ್ಟಿಗೆ ಸೇರಲೆಂದು.

● ದಾಂಡೇಲಿ ಸೀಮೆಯ ಕಾಳಿ ನದಿಯಲ್ಲಿ ರ‍್ಯಾಫ್ಟಿಂಗ್ ನಡೆಯಬೇಕಾದರೆ ಮಳೆಯೊಂದೇ ಸಾಲದು. ಸೂಪಾ ಅಣೆಕಟ್ಟಿನಿಂದ ನೀರು ಬಿಡಬೇಕು!

● ಸಾಗರ ತಾಲ್ಲೂಕಿನ ಹೊನ್ನೆಮರಡುವಿನಲ್ಲಿ ಕಯಾಕ್, ಹರಿಗೋಲು ಆಡಲು ಸಿಗುವುದು ಲಿಂಗನಮಕ್ಕಿಯ ಹಿನ್ನೀರು. ಕರೆಂಟಿಗೆಂದು ನಿಲ್ಲಿಸಿದ ಶರಾವತಿ ಆಟದ ಬಯಲೂ ಆಗಿದ್ದಾಳೆ.

● ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗಿ ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ಮಾಡಬಹುದು. ಪ್ರತಿ 10 ಮೀಟರ್ ಆಳಕ್ಕೂ ಒಂದು ವಾಯುಮಂಡಲದಷ್ಟು ಒತ್ತಡ ಸೇರುತ್ತದೆ. ಸ್ಕೂಬಾ ಮುಗಿಸಿ ಅದೇ ಸಂಜೆ ವಿಮಾನ ಹತ್ತುವಂತಿಲ್ಲ. ಒಂದೇ ಸಲ ಇಳಿದಿದ್ದರೂ ಕನಿಷ್ಠ 12 ಗಂಟೆ, ಹಲವು ಸಲವಾದರೆ 18 ಗಂಟೆ ಕಾಯಬೇಕು. ರಕ್ತದಲ್ಲಿ ಕರಗಿದ ನೈಟ್ರೋಜನ್ ಗುಳ್ಳೆಯಾದರೆ ಜೀವಕ್ಕೇ ಕುತ್ತು.

● ಗಗನಯಾತ್ರಿಗಳೂ ಈಜುಕೊಳದ ವಿದ್ಯಾರ್ಥಿಗಳು. ಬಾಹ್ಯಾಕಾಶ ನಡಿಗೆಯ ತಾಲೀಮಿಗೆಂದು ನಾಸಾ ಹ್ಯೂಸ್ಟನ್‌ನಲ್ಲಿ 12 ಮೀಟರ್ ಆಳದ ಕೊಳವನ್ನೇ ಇಟ್ಟುಕೊಂಡಿದೆ.

ಹೌದೇ? ಅಲ್ಲವೇ?

● ಈಜುಕೊಳದ ಘಾಟು ವಾಸನೆ ಶುಚಿತ್ವದ ಗುರುತೇ? ಅಲ್ಲ. ಕ್ಲೋರಿನ್ ಬೆವರು, ಮೂತ್ರದ ಜೊತೆ ಬೆರೆತು ಹುಟ್ಟುವ ಕ್ಲೋರಮಿನ್‌ಗಳ ವಾಸನೆ ಅದು. ಕಣ್ಣು ಕೆಂಪಾಗಿಸುವುದೂ ಅವೇ. ಇಳಿಯುವ ಮುನ್ನ ಸೋಪು ಹಚ್ಚಿ ಸ್ನಾನ ಮಾಡಿದರೆ ಅರ್ಧ ಸಮಸ್ಯೆ ಮಾಯ.

● ಮೂತ್ರ ಮಾಡಿದರೆ ಬಣ್ಣ ತಿರುಗುವ ಔಷಧಿ ಕೊಳದಲ್ಲಿ ಹಾಕಿರುತ್ತಾರೆಯೇ? ಇಲ್ಲ. ಮಕ್ಕಳನ್ನು ಹೆದರಿಸಲು ಹೇಳುವ ಕಥೆ.

● ಊಟವಾದ ಕೂಡಲೇ ಈಜಿದರೆ ಮುಳುಗಿ ಸಾಯುತ್ತಾರೆಯೇ? ಅದಕ್ಕೆ ಆಧಾರ ಸಿಕ್ಕಿಲ್ಲ. ಹೊಟ್ಟೆ ಭಾರವಾಗಿ ಹಿಂಸೆಯಾಗಬಹುದು, ಅಷ್ಟೆ. ನಿಜವಾಗಿ ಅಪಾಯಕಾರಿ ಮದ್ಯ ಕುಡಿದು ನೀರಿಗಿಳಿಯುವುದು.

● ಒಲಿಂಪಿಕ್ ಕೊಳದಲ್ಲಿ ಎಷ್ಟು ನೀರಿರುತ್ತದೆ? 50 ಮೀಟರ್ ಉದ್ದ, 25 ಮೀಟರ್ ಅಗಲ, 2 ಮೀಟರ್ ಆಳವೆಂದರೆ 25 ಲಕ್ಷ ಲೀಟರ್.

● ಬಟರ್‌ಫ್ಲೈ ಹಳೆಯ ಈಜೇ? ಅಲ್ಲ, ಸ್ಪರ್ಧೆಯ ನಾಲ್ಕು ಈಜು ಶೈಲಿಗಳಲ್ಲಿ ಅದೇ ಕಿರಿಯದು. ಬ್ರೆಸ್ಟ್‌ಸ್ಟ್ರೋಕ್‌ನಿಂದ ಕವಲೊಡೆದು 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಸ್ವಂತ ಮನೆ ಹೂಡಿತು.

ಆಟಕ್ಕೆ ಮೊದಲು ಪಾಠ

● ಜಗತ್ತಿನಲ್ಲಿ 2021ರಲ್ಲಿ ನೀರಲ್ಲಿ ಮುಳುಗಿ ಸತ್ತವರು ಸುಮಾರು 3 ಲಕ್ಷ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಭಾರತದ ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕದಲ್ಲಿ ಅದೇ ವರ್ಷ ನಮ್ಮಲ್ಲಿ 35 ಸಾವಿರಕ್ಕೂ ಹೆಚ್ಚು. ಜುಲೈ 25 ವಿಶ್ವ ಮುಳುಗಡೆ ಸಾವು ತಡೆ ದಿನ.

● ಜಪಾನಿನ ಶಾಲೆಗಳಲ್ಲಿ ಈಜುಕೊಳ ಏಕೆ ಅಷ್ಟೊಂದು? 1955ರಲ್ಲಿ ‘ಶಿಉನ್ ಮಾರು’ ಹಡಗು ಮುಳುಗಿ 168 ಮಂದಿ ಸತ್ತರು. ಅವರಲ್ಲಿ ಬಹಳಷ್ಟು ಮಂದಿ ಶಾಲಾ ಮಕ್ಕಳು. ಆ ಬಳಿಕ ದೇಶವೇ ಎದ್ದು ಶಾಲೆಗಳಲ್ಲಿ ಕೊಳ ಕಟ್ಟಿತು.

● ನೆದರ್ಲೆಂಡ್ಸ್‌ನಲ್ಲಿ ಮಕ್ಕಳ ಈಜು ಪರೀಕ್ಷೆ ಬಟ್ಟೆ, ಬೂಟು ತೊಟ್ಟೇ! ಕಾಲುವೆಗೆ ಜಾರಿ ಬೀಳುವವರು ಈಜುಡುಗೆ ಹಾಕಿಕೊಂಡು ಬೀಳುವುದಿಲ್ಲವಲ್ಲ. ಐಸ್‌ಲೆಂಡ್‌ನಲ್ಲಿ 1940ರಿಂದಲೂ ಶಾಲೆಯಲ್ಲಿ ಈಜು ಕಡ್ಡಾಯ.

● ನಮ್ಮ ಹಳ್ಳಿಗಳಲ್ಲೂ ಪಾಠಶಾಲೆ ಇತ್ತು. ಬೆನ್ನಿಗೆ ಒಣ ಸೋರೆಬುರುಡೆ ಅಥವಾ ಬೆಂಡು, ಸೊಂಟಕ್ಕೆ ಹಗ್ಗ, ದಡದಲ್ಲಿ ಹಗ್ಗ ಹಿಡಿದ ಹಿರಿಯರು. ಬುರುಡೆಯ ಜಾಗಕ್ಕೆ ಪ್ಲಾಸ್ಟಿಕ್ ಕ್ಯಾನ್ ಬಂದರೂ ಹಗ್ಗ ಹಿಡಿದ ಕೈ ಮಾತ್ರ ಬೇಕೇ ಬೇಕು.

● ಅಮೆರಿಕದಲ್ಲಿ 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಈಜು ತರಗತಿಗೆ ಹೋದ 1ರಿಂದ 4 ವರ್ಷದ ಮಕ್ಕಳಲ್ಲಿ ಮುಳುಗುವ ಅಪಾಯ ಶೇ 88ರಷ್ಟು ಕಡಿಮೆ ಕಂಡಿತ್ತು. ಹಾಗೆಂದು ಮಗುವಿನ ಮೇಲಿನ ಕಣ್ಣು ತೆಗೆಯುವಂತಿಲ್ಲ.

● ಮುಳುಗುವವರು ಸಿನಿಮಾದಲ್ಲಿನ ಹಾಗೆ ಕೂಗುವುದಿಲ್ಲ, ಕೈ ಬೀಸುವುದಿಲ್ಲ. ಉಸಿರಿಗೇ ಬಿಡುವಿಲ್ಲದಾಗ ಕೂಗು ಎಲ್ಲಿಂದ? ಒಂದು ನಿಮಿಷದೊಳಗೆ ಸದ್ದಿಲ್ಲದೆ ಎಲ್ಲ ಮುಗಿಯಬಹುದು. ಗಲಾಟೆ ಮಾಡುತ್ತಿದ್ದ ಮಗು ನೀರಲ್ಲಿ ಸುಮ್ಮನಾದರೆ ಕೂಡಲೇ ನೋಡಿ.

● ‘ಯಾರು ಹೆಚ್ಚು ಹೊತ್ತು ಮುಳುಗಿರುತ್ತಾರೆ’ ಪಂದ್ಯಕ್ಕೆ ಮೊದಲು ಜೋರುಜೋರಾಗಿ ಉಸಿರಾಡುವ ಅಭ್ಯಾಸ ಪ್ರಾಣಾಂತಿಕ. ಉಸಿರಾಡೆಂದು ಒತ್ತಾಯಿಸುವುದು ಮುಖ್ಯವಾಗಿ ರಕ್ತದ ಇಂಗಾಲದ ಡೈಆಕ್ಸೈಡ್. ಅದನ್ನು ಮೊದಲೇ ಹೊರಹಾಕಿಬಿಟ್ಟರೆ ಎಚ್ಚರಿಕೆಯ ಗಂಟೆ ಬಾರಿಸುವ ಮೊದಲೇ ಪ್ರಜ್ಞೆ ತಪ್ಪುತ್ತದೆ. ಪಳಗಿದ ಈಜುಗಾರರೂ ಹೀಗೆ ಸತ್ತಿದ್ದಾರೆ.

● ಕಡಲಲ್ಲಿ ಸೆಳೆತ ಹಿಡಿದು ಒಳಕ್ಕೆ ಒಯ್ದರೆ ದಡದತ್ತ ನೇರ ಈಜಿ ದಣಿಯಬೇಡಿ. ಸೆಳೆತ ಸಾಮಾನ್ಯವಾಗಿ ಕಿರಿದಾದ ಪಟ್ಟಿ. ದಡಕ್ಕೆ ಸಮಾಂತರವಾಗಿ ಪಕ್ಕಕ್ಕೆ ಈಜಿ ಹೊರಬಂದು ಆಮೇಲೆ ದಡಕ್ಕೆ ತಿರುಗಿ.

● ಮುಳುಗುವವರನ್ನು ಕಂಡು ಹಾರಿ ತಾವೂ ಮುಳುಗುವವರೇ ಹಲವರು. ಕೋಲು ಚಾಚಿ, ಹಗ್ಗವೋ ಸೀರೆಯೋ ಖಾಲಿ ಕ್ಯಾನೋ ಎಸೆಯಿರಿ. ಹೊರತೆಗೆದ ಮೇಲೆ ಹೊಟ್ಟೆ ಅದುಮಿ ನೀರು ಕಕ್ಕಿಸಬೇಡಿ. ಉಸಿರು ನಿಂತಿದ್ದರೆ ಬಾಯಿಂದ ಉಸಿರು ಕೊಟ್ಟು, ಎದೆ ಒತ್ತುತ್ತಾ, ಆಂಬುಲೆನ್ಸ್ ಕರೆಸಿ.

● ಈಜು ತರಗತಿಯ ಆರಂಭದ ಪಾಠ ಕೈಕಾಲು ಬಡಿಯುವುದಲ್ಲ. ನೀರಿಗೆ ಮುಖವೊಡ್ಡಿ ಗುಳ್ಳೆ ಬಿಡುವುದು, ಆಮೇಲೆ ಸುಮ್ಮನೆ ತೇಲುವುದು. ಆರು ವರ್ಷದವರಿಗೂ ಅರವತ್ತು ದಾಟಿದವರಿಗೂ ಇದೇ ಪಾಠ. ಹೃದಯದ ತೊಂದರೆ, ಮೂರ್ಛೆರೋಗ ಇದ್ದವರು ವೈದ್ಯರನ್ನು ಕೇಳಿ ಇಳಿಯಲಿ. ಉಳಿದವರಿಗೆ ವಯಸ್ಸಿನ ನೆಪ ನಡೆಯದು!